ಬಣ್ಣದ ನಳದ ಮುಂದಿನ ಪಾಳಿ

ಮೊನ್ನೆ ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ ಆಯಿಲ್ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಕಂಪೌಂಡಿನ ಗೋಡೆಯ ಮೇಲೆ ಒಬ್ಬ ಪೇಂಟರ್ ನದಿ ಬರೆಯುತ್ತಿದ್ದ. ಹಿರಣ್ಯಕೇಶಿ ಇರಬೇಕು. ಆದರೆ ಈ ಊರಿನ ಕಾಲೇಜಿನಲ್ಲಿ ಪಾಠ ಹೇಳತೊಡಗಿದ ಮೇಲೆ ನಾನು ಹಿರಣ್ಯಕೇಶಿಯನ್ನು ಅಷ್ಟು ನೀಲಿಯಾಗಿ ಒಂದು ದಿನವೂ ನೋಡಿಲ್ಲ. ಪಕ್ಕದಲ್ಲಿ ಕೂತಿದ್ದ ಮಹಾಗಾಂವದ ರೈತರೊಬ್ಬರು ಚಹಾ ಊದಿಕೊಳ್ಳುತ್ತ ತಾವಾಗಿಯೇ ಮಾತು ತೆಗೆದರು.

"ಹಿಂಗ ಗ್ವಾಡಿ ಮ್ಯಾಲ ನೀರ ಬರದಿದ್ರಂತ್ರಿ, ಕೋವಾಡದಾಗ. ಹೆಣ್ಣಮಕ್ಕಳು ಬಕೀಟ ತಂದು ಪಾಳಿ ಹಚ್ಚಿದ್ರಂತ. ಕಡೀಕ ದೊಡ್ಡ ಸಾಹೇಬ್ರು ಗಾಡಿ ಇಳದ ಕೈ ಮುಗದ್ರಂತ."

"ಕೋವಾಡ ಅಲ್ರಿ, ಇಚಲಕರಂಜಿ," ಅಂದೆ. "ಬಕೀಟ ಅಲ್ಲ, ಕೊಡ. ಕೈ ಯಾರೂ ಮುಗೀಲಿಲ್ಲ."

"ನೀವ ನೋಡೀರೇನ?"

"ಅಲ್ಲೇ ಇದ್ನಿ."

"ಹಂಗಾರ ಸಾಹೇಬ್ರು ಏನ ಮಾಡಿದ್ರು, ಹೇಳ್ರಿ ನೋಡೂಣು."

ಆ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರಗಳಿವೆ, ಎರಡೂ ಕಣ್ಣಾರೆ ಕಂಡಂತೆಯೇ ನೆನಪಿವೆ. ಯಾವುದನ್ನು ಹೇಳಲಿ ಎನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಅವರು ನನ್ನ ಕಡೆ ಅನುಮಾನದಿಂದ ನೋಡಿ ಹತ್ತಿಕೊಂಡರು. ಕೋವಾಡದ ಕಥೆಯೇ ವಾಸಿ ಎಂದುಕೊಂಡಿರಬೇಕು.

ನಾನು ಕೊಲ್ಹಾಪುರದಲ್ಲಿ ಇತಿಹಾಸ ಓದಿದವನು. ಒಂದು ಘಟನೆಯನ್ನು ನಂಬುವ ಮೊದಲು ಕಂಡವರನ್ನೆಲ್ಲ ಬೇರೆ ಬೇರೆಯಾಗಿ ಕೇಳಬೇಕು ಎಂದು ಅಲ್ಲಿ ಕಲಿಸಿದ್ದರು. ಆ ಬೇಸಿಗೆಯ ಮಟ್ಟಿಗೆ ಕೇಳಿದ್ದೇನೆ. ಸಾಕ್ಷಿಗಳು ಒಬ್ಬರಿಗೊಬ್ಬರು ಒಪ್ಪುವುದಿಲ್ಲ. ನಾನೂ ನನಗೆ ಒಪ್ಪುವುದಿಲ್ಲ. ಇಷ್ಟನ್ನು ಮೊದಲೇ ಹೇಳಿ ಮುಂದುವರಿಯುತ್ತೇನೆ.

ಎಂ.ಎ. ಪರೀಕ್ಷೆ ಮುಗಿಸಿ, ಮುಂದೇನು ಎಂದು ತಿಳಿಯದೆ, ಆ ವರ್ಷದ ಬೇಸಿಗೆಗೆ ಇಚಲಕರಂಜಿಯ ಅಕ್ಕನ ಮನೆಗೆ ಬಂದಿದ್ದೆ. ಅಕ್ಕನ ಹೆಸರು ಗೌರವ್ವ. ಅವಳ ಗಂಡ, ನಮ್ಮ ಮಾವ, ಪಾವರ್‌ಲೂಮಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದರು. ಅಕ್ಕ ಅದೇ ಓಣಿಯ ಇನ್ನೊಂದು ಶೆಡ್ಡಿನಲ್ಲಿ ಕಾಂಡಿ ತುಂಬುವ ಕೆಲಸಕ್ಕೆ ಹೋಗುತ್ತಿದ್ದಳು, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲು ಸುತ್ತುವುದು. ಗಲ್ಲಿಯಲ್ಲಿ ಹೆಚ್ಚಿನವರು ನಮ್ಮಂತೆಯೇ ಬನಹಟ್ಟಿ, ತೇರದಾಳದ ಕಡೆಯಿಂದ ಬಂದವರು. ಹಗಲಿಡೀ ಮಗ್ಗದ ಸದ್ದಿನಲ್ಲಿ ಇದ್ದು ಎಲ್ಲರ ದನಿಯೂ ಏರಿಹೋಗಿತ್ತು. ಮನೆಯೊಳಗೆ ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು.

ಆ ವರ್ಷ ಹೋಳಿಯ ಆಸುಪಾಸಿನಲ್ಲಿ ಗಲ್ಲಿಯ ನಳ ನಿಂತುಹೋಯಿತು. ರಂಗಪಂಚಮಿಯ ಬಣ್ಣ ತೊಳೆಯಲು ನೀರಿಲ್ಲದೆ ಮಾವನ ಕಿವಿಯ ಹಿಂದೆ ಗುಲಾಬಿ ಬಣ್ಣ ಯುಗಾದಿಯ ತನಕ ಉಳಿದಿತ್ತು. ಪೈಪು ಒಡೆದಿದೆ ಎಂದು ನೀರಿನ ಕಚೇರಿಯವರು ಹೇಳಿದರು. ಎಲ್ಲಿ ಒಡೆದಿದೆ ಎಂದು ಕೇಳಿದರೆ ಹುಡುಕುತ್ತಿದ್ದೇವೆ ಅಂದರು. ಟ್ಯಾಂಕರು ದೊಡ್ಡ ರಸ್ತೆಯಲ್ಲೇ ಖಾಲಿಯಾಗುತ್ತಿತ್ತು. ಅಕ್ಕ ಬೆಳಿಗ್ಗೆ ಎದ್ದು ಹೆದ್ದಾರಿ ದಾಟಿ ಒಂದು ಬೋರಿಗೆ ಹೋಗಿ ಬರುವಷ್ಟರಲ್ಲಿ ಕೆಲಸಕ್ಕೆ ತಡವಾಗುತ್ತಿತ್ತು. ಹೀಗೇ ತಡವಾಗುತ್ತಿದ್ದರೆ ಮಶೀನಿಗೆ ಬೇರೆಯವರನ್ನು ಹಚ್ಚುತ್ತೇನೆ ಎಂದು ಮೇಸ್ತ್ರಿ ಹೇಳಿಬಿಟ್ಟಿದ್ದ. ಗಲ್ಲಿಯಲ್ಲಿ ಒಂದೆರಡು ಮನೆಗಳಿಗೆ ಆಗಲೇ ಕೀಲಿ ಬಿದ್ದಿತ್ತು.

"ಮೇ ತಿಂಗಳದಾಗೂ ಹಿಂಗ ಆದ್ರ ನಾವೂ ಗಂಟ ಕಟ್ಟೂದ," ಅಂದರು ಮಾವ. "ಬನಹಟ್ಟ್ಯಾಗ ಮಗ್ಗ ಇಲ್ಲೇನ?"

"ಮಗ್ಗ ಅದಾವು. ನನಗ ಕೆಲಸ ಯಾರ ಇಟ್ಟಾರ ಅಲ್ಲೆ?" ಅಂದಳು ಅಕ್ಕ. "ನಾ ಈ ಗಲ್ಲಿ ಬಿಡೂದಿಲ್ಲ. ನಳ ಬಿಟ್ಟ ಹೋದ್ರ ಹೋಗ್ಲಿ."

ಹೀಗೆ ಅವಳಿಗೆ ಆ ಬೇಸಿಗೆಯ ಪ್ರಶ್ನೆ ಒಂದೇ ಆಗಿತ್ತು: ನೀರು ಮೊದಲು ಬರುತ್ತದೋ, ಗಂಟು ಮೊದಲು ಕಟ್ಟಬೇಕೋ.

ಈ ನಡುವೆ ಊರನ್ನು ಸುಂದರ ಮಾಡುವ ಕೆಲಸ ಶುರುವಾಯಿತು. ದೊಡ್ಡ ನಾಯಕರೊಬ್ಬರು ಬಂದು ನೋಡುವವರಿದ್ದರು. ಗುತ್ತೇದಾರನೊಬ್ಬ ಊರಿನ ಗೋಡೆಗಳಿಗೆಲ್ಲ ಚಿತ್ರ ಬರೆಸುತ್ತಿದ್ದ. ನಮ್ಮ ಗಲ್ಲಿಯ ಬಾಯಿಗೆ ಚೌಗುಲೆಯವರ ಮಗ್ಗದ ಶೆಡ್ಡು. ಅದರ ಉದ್ದನೆಯ ಗೋಡೆ ದಸ್ತಗೀರ್ ಮಾಮಾ ಅವರ ಪಾಲಿಗೆ ಬಂತು. ಫ್ಲೆಕ್ಸ್ ಬರುವ ಮೊದಲು ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದಿದ್ದ ಪೇಂಟರ್ ಅವರು. ಎಷ್ಟೋ ವರ್ಷಗಳ ನಂತರ ಕೈತುಂಬ ಕೆಲಸ ಸಿಕ್ಕಿತ್ತು. ಮೊಬೈಲಿನಲ್ಲಿ ಕೊಟ್ಟ ಚಿತ್ರವನ್ನೇ ದೊಡ್ಡದು ಮಾಡಿ ಬರೆಯಬೇಕು: ಆನೆಯ ಸೊಂಡಿಲಿನಷ್ಟು ದಪ್ಪ ನಳ, ಧಾರೆಯಾಗಿ ಬೀಳುವ ನೀಲಿ ನೀರು, ಪಕ್ಕದಲ್ಲಿ ಕೊಡ ಹಿಡಿದು ನಗುವ ಹೆಂಗಸು, ಮೇಲೆ ಮರಾಠಿಯಲ್ಲಿ 'ಘರೋಘರೀ ಪಾಣೀ', ಮನೆಮನೆಗೂ ನೀರು.

ಅಕ್ಕ ಕೆಲಸಕ್ಕೆ ಹೋಗುತ್ತ ನಿಂತು ನೋಡಿದಳು.

"ಭಾಳ ಚಂದ ಬಂದೈತ್ರಿ ಮಾಮಾ. ನೋಡಿದ್ರ ಹೊಟ್ಟಿ ತಂಪ ಆಗ್ತೈತಿ."

"ನಗಬ್ಯಾಡ ಗೌರವ್ವಾ," ಅಂದರು ಮಾಮಾ, ಏಣಿಯ ಮೇಲಿಂದಲೇ. "ಡಿಸ್ಟೆಂಪರ್ ಹಚ್ಚಂದಿದ್ರು. ಕಲಸಾಕ ನೀರಿಲ್ಲಂತ ಆಯಿಲ್ ಪೇಂಟ ಹಚ್ಚಾಕತ್ತೇನಿ."

ಚಿತ್ರ ಮುಗಿದ ಮರುದಿನವೋ ಅದರ ಮರುದಿನವೋ ನಡೆದದ್ದು ಇದು. ಬೆಳಿಗ್ಗೆ ಹಲ್ಲುಜ್ಜುತ್ತ ಬಾಗಿಲಿಗೆ ಬಂದರೆ ಗೋಡೆಯ ನಳದ ಕೆಳಗಿನಿಂದ ನಮ್ಮ ಮನೆಯ ತನಕ ಕೊಡಗಳು ಸಾಲಾಗಿ ನಿಂತು ಪಾಳಿ ಹತ್ತಿತ್ತು. ಸ್ಟೀಲು, ಪ್ಲಾಸ್ಟಿಕ್ಕು, ಒಂದೆರಡು ತಾಮ್ರ. ನಾನೂ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಒಳಗೆ ಓಡಿ ಕೊಡ ತಂದು ಕೊನೆಗೆ ಇಟ್ಟೆ. ಯಾಕೆ ಇಟ್ಟೆ ಎಂದು ಕೇಳಿದರೆ, ಪಾಳಿ ಇತ್ತು, ಅದಕ್ಕೆ.

"ನೀರ ಬಂತಂತೇನ?" ಎಂದು ನನ್ನ ಹಿಂದೆ ಬಂದ ಹೆಂಗಸು ಕೇಳಿದಳು.

"ಬರ್ತೈತಂತ," ಅಂದಳು ಮುಂದಿನವಳು.

"ಯಾರಂದ್ರು?"

"ಪಾಳಿ ಹತ್ತೇತಲ್ಲ. ಸುಮ್ನ ಹತ್ತಿರ್ತೈತೇನ?"

ನೀರಿಲ್ಲದ ಓಣಿಯಲ್ಲಿ ಬದುಕಿದವರಿಗಷ್ಟೇ ಈ ತಪ್ಪು ಅರ್ಥವಾಗುತ್ತದೆ. ಎಲ್ಲಾದರೂ ಒಂದು ಕೊಡ ಕಂಡರೆ ಅದರ ಹಿಂದೆ ಕೊಡ ಇಡಬೇಕು, ಪ್ರಶ್ನೆ ಆಮೇಲೆ. ಕೇಳುತ್ತ ನಿಂತವರ ನಂಬರು ಹಿಂದೆ ಬೀಳುತ್ತದೆ. ಕೊಡ ಇಟ್ಟರೆ ಆಳು ನಿಂತಂತೆ. ಕೊಡ ಬಿಟ್ಟು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು. ಇನ್ನೊಬ್ಬರ ಕೊಡವನ್ನು ಯಾರೂ ಸರಿಸುವುದಿಲ್ಲ. ಸರಿಸಿದವರ ಮನೆಗೆ ಮದುವೆಯ ಅಕ್ಷತೆಯೂ ಹೋಗುವುದಿಲ್ಲ.

ಎಲ್ಲರಿಗಿಂತ ಮುಂದಿದ್ದ ಕೊಡ ಕಲ್ಲವ್ವಾಯಿ ಮಗಳ ಮನೆಯಿಂದ ತಂದಿಟ್ಟದ್ದು. ಆಕೆ ನಮ್ಮ ಪಕ್ಕದ ಮನೆಯ ಅಜ್ಜಿ, ತೇರದಾಳದಿಂದ ಮಗಳ ಮನೆಗೆ ಬಂದು ವಾರವಾಗಿತ್ತೇನೋ, ಕಣ್ಣಿಗೆ ಪೊರೆ ಬಂದಿತ್ತು. ಗೋಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನಳದ ಕಡೆಗೇ ನೋಡುತ್ತಿದ್ದಳು. ಅಕ್ಷರದ ಅಂಚು ತಿದ್ದಲು ಡಬ್ಬಿ ಹಿಡಿದು ಬಂದ ದಸ್ತಗೀರ್ ಮಾಮಾ ತಮ್ಮದೇ ನಳದ ಮುಂದೆ ಹತ್ತಿದ್ದ ಪಾಳಿಯನ್ನು ನೋಡಿ ಸೈಕಲ್ಲಿನಿಂದ ಇಳಿಯುವುದನ್ನೇ ಮರೆತರು.

"ಆಯೀ, ಇದು ಬಣ್ಣ ಐತಿ," ಅಂದರು ಮೆಲ್ಲಗೆ.

"ಇರ್ಲಿ ಬಿಡೋ," ಅಂದಳು ಕಲ್ಲವ್ವಾಯಿ. "ಖರೇ ನಳಾದಾಗ ಏನ ಬರಾಕತ್ತೈತಿ?"

ಗಲ್ಲಿಗೆ ಗಲ್ಲಿಯೇ ನಕ್ಕಿತು. ನಳ ನಿಂತಮೇಲೆ ಅಷ್ಟು ಜನ ಕೂಡಿ ನಕ್ಕದ್ದು ಅದೇ ಮೊದಲು.

ಆಯಿಗೆ ಕಣ್ಣು ಕಾಣದೆ ಆದದ್ದೋ, ಬೇಕೆಂದೇ ಮಾಡಿದ ಚೇಷ್ಟೆಯೋ, ಇಂದಿಗೂ ನನಗೆ ಗೊತ್ತಿಲ್ಲ. ಆಮೇಲೆ ಎಷ್ಟೋ ಸಲ ಕೇಳಿದೆ. ಒಮ್ಮೆ "ನನಗ ಕಾಣ್ತಿದ್ದಿಲ್ಲಪಾ" ಅಂದಳು. ಇನ್ನೊಮ್ಮೆ "ನೋಡೂಣು, ಯಾರ್ಯಾರ ಬರ್ತೀರಿ ಅಂತ ಇಟ್ಟಿದ್ನಿ" ಅಂದಳು. ಒಂದು ಮರಾಠಿ ಪತ್ರಿಕೆ ಇದು ಸುಶಿಕ್ಷಿತ ಯುವಕನೊಬ್ಬನ ಕಲ್ಪನೆ ಎಂದು ಬರೆಯಿತು. ಆ ಯುವಕ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಪಾಳಿಯ ಕೊನೆಯಲ್ಲಿ ನಿಂತಿದ್ದ.

ನಗು ಮುಗಿದ ಮೇಲೆ ಹೆಂಗಸರು ಕೊಡ ಎತ್ತಿಕೊಳ್ಳಲು ಬಗ್ಗಿದರು. ಆಗ ಅಕ್ಕ, ಕೆಲಸಕ್ಕೆ ತಡವಾಗಿ ಸೆರಗು ಸಿಕ್ಕಿಸಿಕೊಳ್ಳುತ್ತ ಬಂದವಳು, ಹೇಳಿದಳು:

"ಯಾರೂ ತೆಗೀಬ್ಯಾಡ್ರಿ. ಹಚ್ಚಿದ ಪಾಳಿ ಹಚ್ಚೇವಿ. ನೀರ ಬರೂತನಕಾ ಇರ್ಲಿ. ಮನಮನೀಗೂ ನೀರಂತ ಅವ್ರ ಬರಸ್ಯಾರ, ನಾವ ನಂಬೇವಿ. ನಂಬಿದವ್ರಿಗೆ ಯಾರ ಏನಂತಾರ?"

ಕೊಡ ಒಂದೇ ಇದ್ದವರು ಒಯ್ದು ಅದರ ಬದಲಿಗೆ ಡಬ್ಬಿ ತಂದಿಟ್ಟರು. ಪಾಳಿ ಮುರಿಯಲಿಲ್ಲ.

ನನಗೆ ಉತ್ಸಾಹ ಬಂತು. ಗೋಡೆಯ ಮೇಲೆ ಒಂದು ಘೋಷಣೆ ಬರೆಯೋಣ ಎಂದೆ. ನಾಲ್ಕಾರು ಮಾದರಿಗಳನ್ನೂ ಹೇಳಿದೆ.

"ಏನೂ ಬರಿಯೂದ ಬ್ಯಾಡ ತಮ್ಮಾ," ಅಂದಳು ಅಕ್ಕ. "ಬರದ್ರ ಯಾರ ಬರದ್ರು ಅಂತ ಹುಡುಕ್ತಾರ. ಕೊಡ ಇಟ್ರ ಯಾರ ಏನ ಹಿಡೀತಾರ?"

ಇದಕ್ಕೆ ನಾನು ವಾದಿಸಿದೆ. ಬರಹವಿಲ್ಲದ ಪ್ರತಿಭಟನೆ ನಾಳೆಗೆ ಮರೆತುಹೋಗುತ್ತದೆ ಅಂದೆ. ಕೊನೆಗೆ ಒಂದು ನಡುದಾರಿ ಸಿಕ್ಕಿತು. ಚೌಕಿನಲ್ಲಿ ತರುಣ ಮಂಡಳದ ಕರಿಹಲಗೆ ಇದೆ. ಸತ್ತವರಿಗೆ ಶ್ರದ್ಧಾಂಜಲಿ, ಹುಟ್ಟುಹಬ್ಬದವರಿಗೆ ಶುಭಾಶಯ, ಎಲ್ಲ ಅದರ ಮೇಲೆಯೇ. ಅದರಲ್ಲಿ ದಿನಾ ಬೆಳಿಗ್ಗೆ ಸೀಮೆಸುಣ್ಣದಿಂದ ಮರಾಠಿಯಲ್ಲಿ ಬರೆಯತೊಡಗಿದೆ: 'ಬಣ್ಣದ ನಳದ ಪಾಳಿ: ಇಂದು ಯಾರೂ ಮುಂದೆ ಸರಿದಿಲ್ಲ. ದಯವಿಟ್ಟು ಗದ್ದಲ ಮಾಡದೆ ಕಾಯಿರಿ.' ಮರುದಿನ: 'ನಿನ್ನೆಯಂತೆ.' ಅದರ ಮರುದಿನ: 'ಹನಿ ಬಿದ್ದಂತೆ ಸದ್ದಾಯಿತು. ಪರೀಕ್ಷಿಸಲಾಗಿ, ಪೇಂಟರರ ಬೆವರು.'

ಪಾಳಿ ತನ್ನಷ್ಟಕ್ಕೆ ಬೆಳೆಯಿತು. ಯಾವಳೋ ಸೊಸೆ ತನ್ನ ಕೊಡಕ್ಕೆ ಗಂಡನ ತಂದೆಯ ಕೆಂಪು ಪಟಗಾ ರುಮಾಲು ಸುತ್ತಿದಳು. ಅದು ಪಾಳಿಯ ಹಿರಿಯರಾಯಿತು. ಯಾರೋ ಸುಣ್ಣದಲ್ಲಿ ಕಣ್ಣು ಮೂಗು ಬರೆದರು. ಒಂದು ಕೊಡ ಹಳೆಯ ಕನ್ನಡಕ ಹಾಕಿಕೊಂಡು ಪತ್ರಿಕೆ ಓದುತ್ತಿತ್ತು. ಒಂದು ಬಸುರಿ ಕೊಡಕ್ಕೆ ಹಸಿರು ಬಳೆ ತೊಡಿಸಿ ಕುರ್ಚಿ ಕೊಟ್ಟರು. ಬೆಳಿಗ್ಗೆ ಹೆಂಗಸರು ಪಾಳಿಯ ಎರಡೂ ಬದಿಗೆ ರಂಗೋಲಿ ಎಳೆದರು, ಹಾಗಾಗಿ ಮೋಟಾರು ಸೈಕಲ್ಲಿನವರು ಕೂಡ ಸುತ್ತಿ ಹೋಗುತ್ತಿದ್ದರು. ಬೇರೆ ಗಲ್ಲಿಯವರು ತಮ್ಮಲ್ಲೂ ನೀರಿಲ್ಲ ಎಂದು ಕೊಡ ತಂದು ಸೇರಿಸಿದರು. ಪಾಳಿ ಮೂಲೆ ತಿರುಗಿ ಚೌಕಿನ ತನಕ ಹೋಯಿತು. ಕೊಲ್ಹಾಪುರದಿಂದ ಬಂದು ಫೋಟೋ ತೆಗೆದರು. ಅವರಲ್ಲೊಬ್ಬ ಅಕ್ಕನಿಗೆ ಸ್ವಲ್ಪ ಸಪ್ಪಗೆ ಮುಖ ಮಾಡಿ ನಿಲ್ಲಲು ಹೇಳಿದ.

"ಸಪ್ಪಗ ನಿಲ್ಲಾಕ ಪುರಸೊತ್ತ ಇಲ್ಲೋ ತಮ್ಮಾ. ಕಾಂಡಿ ತುಂಬಬೇಕು," ಎಂದು ಆಕೆ ಹೊರಟೇಹೋದಳು.

ದಸ್ತಗೀರ್ ಮಾಮಾ ಮಾತ್ರ ದೂರ ನಿಂತಿದ್ದರು. ಊರಿನ ಉಳಿದ ಗೋಡೆಗಳ ಕೆಲಸ ಕೈತಪ್ಪಬಾರದಲ್ಲ. ಆದರೆ ಒಂದು ಮಧ್ಯಾಹ್ನ ಏಣಿ ಹಚ್ಚಿ ಹತ್ತಿದವರು, ನಗುವ ಹೆಂಗಸಿನ ತುಟಿಯ ಎರಡು ತುದಿಗಳನ್ನು ಒಂದೊಂದೇ ಗೀಟಿನಲ್ಲಿ ಕೆಳಗಿಳಿಸಿ, ಅವಳ ಕಣ್ಣುಗುಡ್ಡೆಗಳನ್ನು ಕೊಡಗಳ ಕಡೆಗೆ ಸರಿಸಿ ಇಳಿದುಬಂದರು. ಗುತ್ತೇದಾರ ಬಂದು ನೋಡಿ ಹೌಹಾರಿದ.

"ದಸ್ತಗೀರ್, ಈಕಿ ನಗ್ತಿದ್ಲಲ್ಲ. ಏನಾತು ಈಕಿಗೆ?"

"ಪಾಳಿ ನೋಡ್ಯಾಳ್ರಿ," ಅಂದರು ಮಾಮಾ.

ಇದು ನಾನೇ ಕೇಳಿದ ಮಾತು. ಇದರಲ್ಲಿ ನನಗೆ ಅನುಮಾನವಿಲ್ಲ. ಮಾಮಾಗೂ ಇಲ್ಲ.

ನಾಯಕರು ಬರುವ ದಿನ ಹತ್ತಿರವಾದಂತೆ ನಮ್ಮ ವಾರ್ಡಿನಿಂದ ಆರಿಸಿಬಂದ ನಗರಸೇವಕ ಬಂಡೂದಾದಾ ಬಿಳಿ ಅಂಗಿ, ಕಪ್ಪು ಕನ್ನಡಕದಲ್ಲಿ ಬಂದ. ಹಿಂದೆ ಒಂದು ಖಾಲಿ ಟೆಂಪೋ, ನಾಲ್ಕು ಜನ ಆಳುಗಳು, ಜೊತೆಗೆ ನಮ್ಮ ಪೊಲೀಸ್ ಚೌಕಿಯ ಹವಾಲ್ದಾರ. ಹವಾಲ್ದಾರ ಅಥಣಿ ಕಡೆಯವನು. ಅವನ ಹೆಂಡತಿಯ ಕೊಡವೂ ಪಾಳಿಯಲ್ಲಿ ಇತ್ತು ಎಂದು ಅಕ್ಕ ಹೇಳುತ್ತಾಳೆ. ನನಗೆ ಅದು ಖಾತ್ರಿಯಿಲ್ಲ.

"ಎಲ್ಲಾ ಎತ್ತಿ ಟೆಂಪೋದಾಗ ಹಾಕ್ರಿ," ಎಂದ ಬಂಡೂದಾದಾ.

ಆಳುಗಳು ಕೊಡಗಳನ್ನು ನೋಡಿದರು. ಬಾಗಿಲುಗಳಲ್ಲಿ ನಿಂತ ಹೆಂಗಸರನ್ನು ನೋಡಿದರು. ಆಮೇಲೆ ತಮ್ಮ ತಮ್ಮ ಕಾಲು ನೋಡಿಕೊಂಡರು.

"ಮಂದೀ ಪಾಳೀ ಕೊಡಾ ಹೆಂಗ ಮುಟ್ಟೂದ್ರಿ ದಾದಾ?" ಎಂದ ಒಬ್ಬ. "ನಮ್ಮ ಮನ್ಯಾಗೂ ನೀರ ತರವ್ರ ಅದಾರ."

ಚೌಗುಲೆಯವರನ್ನು ಕರೆಸಿದರು. ಜೈನರ ಹಳೆಯ ಮನೆತನ, ಮನೆಯಲ್ಲಿ ನಮ್ಮಂತೆ ಕನ್ನಡವೇ ಮಾತಾಡುವವರು, ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಸುವವರು. ಊಟದ ಹೊತ್ತಿಗೆ ಕರೆದದ್ದಕ್ಕೆ ಅವರಿಗೆ ಆಗಲೇ ಬೇಸರವಾಗಿತ್ತು.

"ಗ್ವಾಡಿ ನನ್ನದು," ಅಂದರು. "ಕೊಡಾ ನನ್ನವಲ್ಲ. ರಸ್ತೆ ನಿಮ್ಮದು. ನನ್ನ ಯಾಕ ಕರದ್ರಿ?"

"ಹಂಗಾದ್ರ ಕೊಡಾ ಯಾರವು? ಮೊದಲನೇದ ಯಾರ ಇಟ್ರು? ಹೆಸರ ಹೇಳ್ರಿ," ಎಂದು ಬಂಡೂದಾದಾ ಗಲ್ಲಿಯ ಕಡೆ ತಿರುಗಿದ. ಕಲ್ಲವ್ವಾಯಿ ಕುಕ್ಕರುಗಾಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು.

ಅಕ್ಕ ಮುಂದೆ ಬಂದಳು. "ಹೆಸರ ಕೊಡದ ಮ್ಯಾಲನ ಐತ್ರಿ, ದಾದಾ. ಓದಿ ನೋಡ್ರಿ."

ಹವಾಲ್ದಾರ ಬಗ್ಗಿ ಓದಿದ. ಹಿಂದಿನ ಚುನಾವಣೆಯ ಮೊದಲು ಬಂಡೂದಾದಾನ ಹೆಂಡತಿ ವಾರ್ಡಿನ ಹೆಂಗಸರನ್ನೆಲ್ಲ ಅರಿಷಿಣ ಕುಂಕುಮಕ್ಕೆ ಕರೆದು ಒಂದೊಂದು ಸ್ಟೀಲಿನ ಕೊಡ ಕೊಟ್ಟಿದ್ದಳು. ಮೊದಲ ಕೊಡದ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: 'ಬಂಡೂದಾದಾ ಯಾಂಚ್ಯಾಕಡೂನ ಸಪ್ರೇಮ ಭೇಟ.' ಬಂಡೂದಾದಾ ಅವರಿಂದ ಪ್ರೀತಿಯ ಕಾಣಿಕೆ. ಎರಡನೆಯದರ ಮೇಲೂ ಅದೇ. ಮೂರನೆಯದು ಪ್ಲಾಸ್ಟಿಕ್ಕು. ನಾಲ್ಕನೆಯದರ ಮೇಲೆ ಮತ್ತೆ ಅದೇ.

ಅಲ್ಲಿಗೆ ಬಿಟ್ಟಿದ್ದರೆ ಅವನ ಮಾನ ಉಳಿಯುತ್ತಿತ್ತು. ಆದರೆ ಅವನಿಗೆ ಸಿಟ್ಟು ಬಂದಿತ್ತು.

"ಹೌದು, ಇವು ನನ್ನ ಕೊಡಾ," ಎಂದ ಬಂಡೂದಾದಾ. "ನಾ ಕೊಟ್ಟಾವ. ನನ್ನ ಕೊಡಾ ನಾ ಒಯ್ತೇನಿ. ಎತ್ರಿ."

ಹವಾಲ್ದಾರ ನೆಟ್ಟಗಾಗಿ, ಟೋಪಿ ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದ: "ಒಯ್ರಿ ದಾದಾ. ಖರೇ ಕೊಡಾ ನಿಮ್ಮವಾದ್ರ ಪಾಳಿ ಹಚ್ಚಿದವ್ರೂ ನೀವ ಆಗ್ತೀರಿ. ಮ್ಯಾಲಿನ ಸಾಹೇಬ್ರ ಕೇಳ್ತಾರ. ನಾ ಏನ ಹೇಳ್ಲಿ?"

ಬಂಡೂದಾದಾ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಟೆಂಪೋ ಬಂದಂತೆ ಖಾಲಿಯೇ ಹೋಯಿತು. ಮರುದಿನ ಕರಿಹಲಗೆಯ ಮೇಲೆ ಬರೆದೆ: 'ಪಾಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಡ ಇಟ್ಟು ಜನರ ಕಷ್ಟದಲ್ಲಿ ಭಾಗಿಯಾದ ಬಂಡೂದಾದಾ ಅವರಿಗೆ ಹಾರ್ದಿಕ ಅಭಿನಂದನೆಗಳು.'

ಕೊಡ ಎತ್ತಲಾಗದವರು ನಳವನ್ನು ಎತ್ತುವ ಯೋಚನೆ ಮಾಡಿದರು. ಗೋಡೆಗೆ ಸುಣ್ಣ ಹೊಡೆದು ಚಿತ್ರ ಅಳಿಸು ಎಂದು ಗುತ್ತೇದಾರ ಮಾಮಾಗೆ ಹೇಳಿದ. ಇಲ್ಲವಾದರೆ ಉಳಿದ ಗೋಡೆಗಳನ್ನು ಮರೆತುಬಿಡು ಅಂದ.

"ಕೊಟ್ಟ ಚಿತ್ರ ಬರದೇನಿ," ಅಂದರು ಮಾಮಾ. "ಅಳಸಾಕ ನನಗ ಬರೂದಿಲ್ಲ. ಆ ಕೆಲಸಾ ಕಲತಿಲ್ಲ."

ಅವರಿಗೆ ಆ ಗುತ್ತೇದಾರನಿಂದ ಮತ್ತೆ ಕೆಲಸ ಸಿಗಲಿಲ್ಲ. ಇದನ್ನು ಅವರು ಎಂದೂ ದೊಡ್ಡದು ಮಾಡಿ ಹೇಳಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ.

ನಾಯಕರು ಬರುವ ಹಿಂದಿನ ದಿನ ಹೊರಗಿನ ಇಬ್ಬರು ಬಂದು ಸುಣ್ಣ ಹೊಡೆದರು. ನಳ ಹೋಯಿತು, ನೀಲಿ ಹೋಯಿತು, ಮುಖ ಸಿಂಡರಿಸಿದ ಹೆಂಗಸು ಹೋದಳು. ಸುಣ್ಣ ಕಲಸಲು ಅವರು ಒಂದು ಡ್ರಮ್ಮು ನೀರು ತಂದಿದ್ದರು. ಹೆಂಗಸರು ಆ ಡ್ರಮ್ಮನ್ನೇ ನೋಡುತ್ತ ನಿಂತಿದ್ದರು.

ಆ ಸಂಜೆಯ ನೆನಪು ನನಗೆ ಹಿತವಲ್ಲ. ಗಲ್ಲಿ ಸಪ್ಪಗಿತ್ತು. ಆಟ ಮುಗಿಯಿತು ಎಂದು ಕೆಲವರು ಅಂದರು. ಪಟಗಾ ಸುತ್ತಿದ್ದ ಕೊಡ ಮನೆಗೆ ಹೋಯಿತು. ಕನ್ನಡಕದ ಕೊಡವೂ ಹೋಯಿತು. ಮಾವ ಬನಹಟ್ಟಿಯ ಕಡೆ ಹೋಗುವ ಟೆಂಪೋದವನ ಜೊತೆ ಮಾತಾಡಿ ಬಂದಿದ್ದರು. ಹಾಸಿಗೆಯ ಗಂಟು ಕಟ್ಟಲು ಹಗ್ಗ ಹುಡುಕುತ್ತಿದ್ದರು.

"ಗೌರಾ, ಸಾಕ ಇನ್ನ. ನಳದ ಚಿತ್ರಾನೂ ಇಲ್ಲ ಈಗ. ಯಾವದರ ಮುಂದ ಕೂಡ್ತಿ?"

ಅಕ್ಕ ಹಗ್ಗ ತೆಗೆದು ಅವರ ಕೈಗೇ ಕೊಟ್ಟಳು. "ಕಟ್ರಿ. ನಾಳೆ ಒಂದಿನಾ ನೋಡಿ ಬಿಚ್ಚೂನು," ಅಂದಳು. ಆಮೇಲೆ ಹೊರಗೆ ಹೋಗಿ, ಬಿಳಿ ಗೋಡೆಯ ಮುಂದೆ, ಖಾಲಿಯಾದ ಜಾಗಗಳನ್ನು ಮುಚ್ಚುವಂತೆ ಕೊಡಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು ಎಂದುಕೊಂಡವಳು ಹಾಗೇ ನಿಂತಳು. ಇನ್ನೊಬ್ಬರ ಕೊಡ ಮುಟ್ಟುವಂತಿಲ್ಲವಲ್ಲ. ಮನೆಮನೆಗೆ ಹೋಗಿ ಬಾಗಿಲು ಬಡಿದಳು. ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕೊಡವನ್ನು ತಾವೇ ಮುಂದೆ ಸರಿಸಿದರು. ಪಟಗಾದ ಕೊಡವೂ ಮರಳಿ ಬಂತು. ನನ್ನ ಕೊಡವನ್ನು ನಾನು ಸರಿಸಿದೆ. ಅಷ್ಟು ದಿನಗಳಲ್ಲಿ ಪಾಳಿ ಮೊದಲ ಸಲ ಮುಂದೆ ಹೋಯಿತು, ಸುಣ್ಣದ ಗೋಡೆಯ ಕಡೆಗೆ.

ಮರುದಿನ ಬೆಳಿಗ್ಗೆ ಕಾರುಗಳು ಬಂದವು. ಬಿಸಿಲು ಆಗಲೇ ಏರಿತ್ತು, ಹೊಸ ಸುಣ್ಣದ ಗೋಡೆ ಕಣ್ಣು ಕುಕ್ಕುತ್ತಿತ್ತು. ಪಾಳಿ ರಸ್ತೆಗೆ ಚಾಚಿದ್ದರಿಂದ ಚೌಗುಲೆಯವರ ಮೂಲೆಯಲ್ಲಿ ಕಾರುಗಳು ನಿಧಾನವಾದವು. ನನ್ನ ನೆನಪಿನಲ್ಲಿ ಮುಂದಿನದು ಹೀಗಿದೆ: ಎರಡನೆಯ ಕಾರಿನ ಕಿಟಕಿಯ ಗಾಜು ಇಳಿಯಿತು. ನಾಯಕರು ಬೋಳು ಗೋಡೆಯನ್ನು ನೋಡಿದರು, ಅದರ ಮುಂದೆ ಚೌಕಿನ ತನಕ ನಿಂತ ಕೊಡಗಳನ್ನು ನೋಡಿದರು. ಇದೆಂಥ ಪಾಳಿ ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕ ಒಂದು ಹೆಜ್ಜೆ ಮುಂದೆ ಬಂದು ಮರಾಠಿಯಲ್ಲೇ ಹೇಳಿದಳು:

"ನಿನ್ನೆ ತನಕ ಇಲ್ಲೊಂದು ನಳ ಇತ್ತು ಸಾಹೇಬರೇ. ಅದನ್ನೂ ಒಯ್ದರು."

ಹವಾಲ್ದಾರ ಮುಖ ಆಚೆ ತಿರುಗಿಸಿದ; ಅವನ ಹೆಗಲು ಕುಣಿಯುತ್ತಿತ್ತು. ನಗು ಪಾಳಿಯ ಉದ್ದಕ್ಕೂ ಹಿಂದೆ ಹಿಂದೆ ಹೋಗಿ ಚೌಕು ಮುಟ್ಟಿತು. ಗಾಜು ಮೇಲೇರಿತು.

ಇದು ಒಂದು ಉತ್ತರ. ಇನ್ನೊಂದರಲ್ಲಿ ಗಾಜು ಇಳಿಯುವುದೇ ಇಲ್ಲ. ಕೇಳಿದವರು ಹಿಂದಿನ ಕಾರಿನಿಂದ ಇಳಿದು ಬಂದ ಅಧಿಕಾರಿ. ಮಾಮಾ ಹೇಳುವುದು ಇದನ್ನೇ. ಅಕ್ಕನ ಪ್ರಕಾರ ಯಾರೂ ಏನೂ ಕೇಳಲಿಲ್ಲ, ಕಾರು ನಿಂತದ್ದು ನೋಡಿ ಅವಳೇ ಹೇಳಿದಳು. ಕಲ್ಲವ್ವಾಯಿಯ ಕಥೆಯಲ್ಲಿ ನಾಯಕರು ಇಳಿದು ಚೌಗುಲೆಯವರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತಾರೆ. ನನ್ನ ಬಳಿ ಆ ಹೊತ್ತಿನ ಒಂದು ಫೋಟೋ ಇದೆ: ಅಕ್ಕನ ಬೆನ್ನು, ಬಿಳಿ ಗೋಡೆ, ಕೊಡಗಳು, ಒಂದು ಕಾರು. ಗಾಜಿನ ಜಾಗದಲ್ಲಿ ಬರೀ ಬಿಸಿಲಿನ ಝಳ. ಇಳಿದಿದೆಯೋ ಏರಿದೆಯೋ ಹೇಳಲಾಗದು. ಎಷ್ಟೋ ಸಲ ಅದನ್ನು ದೊಡ್ಡದು ಮಾಡಿ ನೋಡಿದ್ದೇನೆ. ಈಗ ಬಿಟ್ಟಿದ್ದೇನೆ. ಗಾಜು ಏನಾಯಿತು ಎಂಬುದು ನಾಯಕರ ಇತಿಹಾಸ. ಆ ಮಾತನ್ನು ಅಕ್ಕ ಗಟ್ಟಿಯಾಗಿ ಆಡಿದಳು ಎಂಬುದರಲ್ಲಿ ಮಾತ್ರ ನಮ್ಮಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಮಗ್ಗದ ಸದ್ದಿನಲ್ಲಿ ಮಾತಾಡಿ ರೂಢಿಯಾದ ಆ ದನಿಗೆ ಗಾಜು ಯಾವ ಲೆಕ್ಕ.

ಆ ಮಾತು ಊರೆಲ್ಲ ಹರಿದಾಡಿತು. ಚಹಾದಂಗಡಿಯಲ್ಲಿ ಸಕ್ಕರೆ ಕಡಿಮೆಯಾದರೂ "ಅದನ್ನೂ ಒಯ್ದರು" ಎನ್ನತೊಡಗಿದರು. ನೀರಿನ ಕಚೇರಿಯವರು ಬೀದಿಗೆ ಬಂದರೆ ಜನ ಅವರ ಎದುರಿಗೇ ಅನ್ನುತ್ತಿದ್ದರು. ಮೊದಲು ಟ್ಯಾಂಕರು ಬಂತು. ಅಕ್ಕ ಅದನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಲು ಬಿಡಲಿಲ್ಲ. ಗೋಡೆಯ ತನಕ ತರಿಸಿ ಮೊದಲ ಕೊಡದಿಂದ ಪಾಳಿ ಪ್ರಕಾರ ತುಂಬಿಸಿದಳು. ಆಮೇಲೆ ಅಗೆಯುವವರು ಬಂದರು. ಅಷ್ಟು ದಿನ ಸಿಗದಿದ್ದ ಒಡಕು ಗಲ್ಲಿಯ ತಿರುವಿನಲ್ಲೇ ಸಿಕ್ಕಿತು. ಒಂದು ಬೆಳಿಗ್ಗೆ ಗಲ್ಲಿಯ ನಿಜವಾದ ನಳ ಕೆಮ್ಮಿ, ತುಕ್ಕು ಉಗುಳಿ, ನೀರು ಬಿಟ್ಟಿತು. ಮಾವ ಗಂಟಿನ ಹಗ್ಗ ಬಿಚ್ಚಿ ಅದೇ ಹಗ್ಗವನ್ನು ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದರು. ಮಶೀನಿಗೆ ಬೇರೆಯವರನ್ನು ಹಚ್ಚುವ ಮಾತನ್ನು ಮೇಸ್ತ್ರಿ ಮತ್ತೆ ಎತ್ತಲಿಲ್ಲ.

ಎಲ್ಲರೂ ಗೋಡೆಯ ಮುಂದಿನ ಕೊಡಗಳನ್ನು ಎತ್ತಿಕೊಂಡು ಹೋದರು. ಕಲ್ಲವ್ವಾಯಿ ತನ್ನದನ್ನು ಎತ್ತಿದ ಜಾಗಕ್ಕೆ ಅಕ್ಕ ತನ್ನ ಕೊಡವನ್ನು ತಂದಿಟ್ಟಳು. ಅದೊಂದು ಹಾಗೇ ಉಳಿಯಿತು.

ವಾರ ಕಳೆದ ಮೇಲೆ ನೀರಿನ ಕಚೇರಿಯ ಒಬ್ಬ ಸಾಹೇಬರು ಬೈಕಿನಲ್ಲಿ ಬಂದರು. ಅಕ್ಕ ಆಗಷ್ಟೇ ಕೆಲಸಕ್ಕೆ ಹೊರಟಿದ್ದಳು.

"ಅಕ್ಕಾರ, ನೀರ ಬಂತಲ್ಲ ಈಗ," ಅಂದರು ಅವರು. "ಇದೊಂದ ಕೊಡ ಯಾಕ ಇಟ್ಟೀರಿ? ನೋಡಿದವ್ರು ಏನ ತಿಳ್ಕೋತಾರ?"

"ನೀರ ಬಂದೈತ್ರಿ, ಇಲ್ಲನ್ನೂದಿಲ್ಲ," ಅಂದಳು ಅಕ್ಕ. "ಬಂದದ್ದು ನಿಂದರ್ತೈತೇನ ನೋಡೂಣಂತ ಇಟ್ಟೇನಿ."

"ಎಷ್ಟ ದಿನಾ ಇಡಾವ್ರು?"

"ಅದು ನಿಮ್ಮ ಕೈಯಾಗ ಐತ್ರಿ, ಸಾಹೇಬ್ರ."

ಅವಳು ಸೆರಗಿನ ತುದಿಯಿಂದ ಕೊಡದ ಬಾಯಿಯ ಧೂಳು ಒರೆಸಿ, ಶೆಡ್ಡಿನ ಕಡೆ ನಡೆದಳು. ಸಾಹೇಬರು ಕೊಡದ ಕಡೆ ಬಗ್ಗಿ ಕೈ ಚಾಚಿದರು. ಗಲ್ಲಿಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಸಾಹೇಬರು ಕೈ ಹಿಂದೆಳೆದುಕೊಂಡು, ಪ್ಯಾಂಟಿನ ಮಂಡಿಯ ಧೂಳು ಕೊಡವಿ, ಬೈಕು ಹತ್ತಿದರು.